ಪಕ್ಕದ ಕಾರಿಗೆ ಬಾಗಿಲು ಬಡಿದಾಗ: ನಾನು ಹೊಣೆ ಹೊತ್ತ ಬಗೆ

ಹದಿನಾರು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಇಷ್ಟು ಕಾಲದಲ್ಲಿ ನನ್ನ ಕಾರಿನ ಬಾಗಿಲು ಬಡಿದು ಇನ್ನೊಬ್ಬರ ಕಾರು ನೆಗ್ಗಿದ್ದು, ನನಗೆ ತಿಳಿದ ಮಟ್ಟಿಗೆ, ಒಂದೇ ಸಲ. ‘ತಿಳಿದ ಮಟ್ಟಿಗೆ’ ಎಂದು ಬೇಕೆಂದೇ ಬರೆದಿದ್ದೇನೆ; ಆ ದಿನದ ತನಕ ನಾನು ಕಾರಿನಿಂದ ಇಳಿದ ಮೇಲೆ ಪಕ್ಕದ ಕಾರಿನ ಕಡೆ ತಿರುಗಿ ನೋಡಿದವನೇ ಅಲ್ಲ.

ಅಂದು ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದ್ದೆ. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮಗನ ಎರಡೂ ಕೈಗಳಲ್ಲಿ ಪುಸ್ತಕಗಳಿದ್ದವು. ಹಾಗಾಗಿ ಅವನು ಮೊಣಕೈಯಿಂದ ಬಾಗಿಲಿನ ಹಿಡಿಯನ್ನು ಎಳೆದು, ಕಾಲಿನಿಂದ ಬಾಗಿಲನ್ನು ಒದ್ದು ತೆರೆದ. ಟಪ್ ಎಂಬ ಸಣ್ಣ ಸದ್ದು, ಅಷ್ಟೇ. ಪಕ್ಕದಲ್ಲಿದ್ದುದು ಕಡುನೀಲಿ ಬಣ್ಣದ ಕಾರು, ನಮ್ಮದು ಬಿಳಿ. ಆ ನೀಲಿಯ ಮೇಲೆ ಒಂದು ಅಂಗುಲ ಉದ್ದದ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದಾಗ ಅರ್ಧದಷ್ಟು ಗೆರೆ ಹೋಯಿತು. ಉಳಿದುದು ನಮ್ಮ ಬಾಗಿಲಿನಿಂದ ಅಂಟಿಕೊಂಡ ಬಣ್ಣವೋ, ಅವರ ಕಾರಿನ ಬಣ್ಣ ಕಿತ್ತ ಗಾಯವೋ ಎಂದು ತಿಳಿಯಲು ಉಗುರನ್ನು ಅಡ್ಡಲಾಗಿ ಆಡಿಸಿದೆ. ಉಗುರು ಎಲ್ಲಿಯೂ ತಡೆಯಲಿಲ್ಲ. ಅಂದರೆ ಗೀರು ಆಳಕ್ಕೆ ಇಳಿದಿರಲಿಲ್ಲ. ಆದರೆ ಓರೆಯಾಗಿ ನಿಂತು ನೋಡಿದರೆ ಚಾವಣಿಯ ಟ್ಯೂಬ್‌ಲೈಟಿನ ಪ್ರತಿಬಿಂಬ ಆ ಜಾಗದಲ್ಲಿ ಮಾತ್ರ ಸೊಟ್ಟಗಾಗಿ, ಹೆಬ್ಬೆರಳ ಉಗುರಿನಷ್ಟು ಅಗಲದ ನೆಗ್ಗೊಂದು ಸ್ಪಷ್ಟವಾಗಿ ಕಾಣಿಸಿತು. ಎದುರಿನಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಕಾಣದೆಂಬುದೇ ಅಲ್ಲಿಂದ ಹೊರಟುಹೋಗಲು ಸಿಗುವ ಮೊದಲ ನೆಪ ಎಂಬುದೂ ನನಗೆ ಅಲ್ಲಿಯೇ ಹೊಳೆಯಿತು.

ಕಾರಿನ ಹೊರಮೈ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳು, ಸುಮಾರು 0.7 ಮಿ.ಮೀ. ಮಾತ್ರ. ಅದರ ಮೇಲಿನ ಬಣ್ಣದ ಪದರಗಳೆಲ್ಲ ಸೇರಿದರೆ 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ಕೂದಲೆಳೆಗಳ ದಪ್ಪ. ಬಾಗಿಲಿನ ಅಂಚಾದರೋ ತಗಡನ್ನು ಮಡಚಿ ಒತ್ತಿದ ಗಟ್ಟಿ ತುದಿ. ಹಲವು ಕಿಲೋ ತೂಗುವ ಬಾಗಿಲಿನ ವೇಗವೆಲ್ಲ ಒಂದು ಚುಕ್ಕೆಯಷ್ಟು ಜಾಗದ ಮೇಲೆ ಎರಗುತ್ತದೆ. ಆದ್ದರಿಂದ ‘ಮೆಲ್ಲಗೆ ತಾಗಿತು’ ಎಂದು ಒಳಗೆ ಕುಳಿತವರು ಹೇಳುವ ಮಾತಿಗೂ ಹೊರಗೆ ಬೀಳುವ ನೆಗ್ಗಿಗೂ ತಾಳೆಯಾಗುವುದು ಅಪರೂಪ.

ಆ ನೀಲಿ ಕಾರು ಪಾರ್ಕಿಂಗ್ ಅಂಕಣದ ಗೆರೆಯನ್ನು ಬಹುತೇಕ ತುಳಿದುಕೊಂಡು ನಿಂತಿತ್ತು ಎಂಬುದನ್ನು ಮರೆಮಾಚುವುದಿಲ್ಲ. ಅನೇಕ ಕಡೆ ಪಾರ್ಕಿಂಗ್ ಅಂಕಣದ ಅಗಲ ಎರಡೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಕನ್ನಡಿಗಳನ್ನು ಬಿಟ್ಟು 1.8 ಮೀಟರ್ ಅಗಲದ ಎರಡು ಕಾರುಗಳು ಅಂಕಣದ ನಟ್ಟನಡುವೆ ನಿಂತರೂ ಅವುಗಳ ನಡುವೆ ಉಳಿಯುವುದು 70 ಸೆಂಟಿಮೀಟರ್. ಆಮೇಲೆ ಮನೆಯಲ್ಲಿ ಅಳತೆ ಪಟ್ಟಿ ಹಿಡಿದು ನೋಡಿದಾಗ, ನನ್ನ ಕಾರಿನ ಮುಂದಿನ ಬಾಗಿಲು ಪೂರ್ತಿ ತೆರೆದರೆ 95 ಸೆಂಟಿಮೀಟರ್ ಹೊರಚಾಚುತ್ತದೆ ಎಂದು ಗೊತ್ತಾಯಿತು. ಅಂದರೆ ಎಲ್ಲರೂ ನೇರವಾಗಿ ನಿಲ್ಲಿಸಿದರೂ ಬಾಗಿಲನ್ನು ಪೂರ್ತಿ ತೆರೆಯುವಷ್ಟು ಜಾಗ ಇರುವುದೇ ಇಲ್ಲ. ಅವರು ಒತ್ತರಿಸಿ ನಿಲ್ಲಿಸಿದ್ದು ಸರಿಯಲ್ಲ, ನಿಜ. ಆದರೆ ನಿಂತ ಕಾರು ಬಂದು ನಮ್ಮ ಬಾಗಿಲಿಗೆ ಬಡಿಯಲಿಲ್ಲ. ಜಾಗ ಕಿರಿದಾಗಿದೆ ಎಂದು ಕಂಡೂ ಅಲ್ಲಿಯೇ ನಿಲ್ಲಿಸಿದವನು ನಾನು. ಬಾಗಿಲಿನ ಬಳಿ ಮಗುವನ್ನು ಕೂರಿಸಿ ಎಚ್ಚರಿಸದೆ ಇದ್ದವನೂ ನಾನೇ. ಕಾರಿನ ಯಾವ ಬಾಗಿಲನ್ನು ಯಾರು ತೆರೆದರೂ ಅದರ ಹೊಣೆ ಓಡಿಸಿ ತಂದವರದು ಎಂದು ಅಂದಿನಿಂದ ಇಟ್ಟುಕೊಂಡಿದ್ದೇನೆ. ಕಾನೂನು ಇದನ್ನು ಎಲ್ಲೆಡೆ ಹೀಗೆಯೇ ಹೇಳುತ್ತದೆ ಎಂದಲ್ಲ. ಹಾಗೆ ಇಟ್ಟುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ.

“ಅಪ್ಪಾ, ಅವರಿಗೆ ಬೈತಾರಾ ನನಗೆ?” ಎಂದು ಗಾಬರಿಯಲ್ಲಿ ಮಾತು ತಡವರಿಸಿ ಮಗ ಕೇಳಿದ. ಬೈದರೆ ನನಗೆ ಬೈಯುತ್ತಾರೆ ಎಂದು ಹೇಳಿ ಕಾಗದ ಹುಡುಕತೊಡಗಿದೆ.

ಮೊದಲು ಫೋಟೊಗಳನ್ನು ತೆಗೆದೆ: ಎರಡೂ ಕಾರುಗಳು ನಿಂತ ರೀತಿ, ನೆಗ್ಗಿನ ಹತ್ತಿರದ ಚಿತ್ರ, ಮತ್ತು ಆ ಕಡೆಯ ಇಡೀ ಮಗ್ಗುಲು. ಈ ಕೊನೆಯ ಚಿತ್ರವೇ ಮುಂದೆ ನನ್ನ ಕೈಹಿಡಿಯಿತು. ಕಾರಿನ ಸಂಖ್ಯೆಯನ್ನು ಪಾರ್ಕಿಂಗ್ ಕಾವಲುಗಾರರಿಗೆ ತಿಳಿಸಿ, ಮಾಲೀಕರನ್ನು ಕರೆಸಲು ಸಾಧ್ಯವೇ ಎಂದು ಕೇಳಿದೆ. ಅವರು ಒಳಗೆ ಘೋಷಣೆ ಮಾಡಿಸಿದರು. ಇಪ್ಪತ್ತು ನಿಮಿಷ ಕಾದರೂ ಯಾರೂ ಬರಲಿಲ್ಲ. ಆಗ ಚೀಟಿ ಬರೆಯಲು ಕುಳಿತೆ. ಮೊದಲ ಚೀಟಿಯಲ್ಲಿ, ಮಗು ಅರಿಯದೆ ಮಾಡಿದ್ದು, ನಿಮ್ಮ ಕಾರು ಗೆರೆಯ ಮೇಲಿತ್ತು, ದಯವಿಟ್ಟು ಕ್ಷಮಿಸಿ ಎಂದೆಲ್ಲ ಬರೆದಿದ್ದೆ. ಓದಿ ನೋಡಿದಾಗ ಅದು ಕ್ಷಮೆ ಕೇಳುವ ಚೀಟಿಯಂತಿರದೆ ಅರ್ಧ ದೂರಿನಂತಿತ್ತು. ಹರಿದು ಹಾಕಿ ಎರಡನೆಯದನ್ನು ಬರೆದೆ: “ಇಂದು ಮಧ್ಯಾಹ್ನ 3.40ಕ್ಕೆ ನಮ್ಮ ಬಿಳಿ ಕಾರಿನ ಹಿಂದಿನ ಬಾಗಿಲು ತಗುಲಿ ನಿಮ್ಮ ಕಾರಿನ ಎಡಬದಿಯ ಹಿಂಬಾಗಿಲಿನಲ್ಲಿ ಸಣ್ಣ ನೆಗ್ಗು ಬಿದ್ದಿದೆ. ದುರಸ್ತಿಯ ವೆಚ್ಚ ನನ್ನದು. ದಯವಿಟ್ಟು ಕರೆ ಮಾಡಿ.” ಕೆಳಗೆ ಹೆಸರು, ಫೋನ್ ಸಂಖ್ಯೆ, ನನ್ನ ಕಾರಿನ ಸಂಖ್ಯೆ. ನೆಗ್ಗು ಇರುವ ಜಾಗವನ್ನು ಬರೆಯದಿದ್ದರೆ ಓದಿದವರು ಇಡೀ ಕಾರನ್ನು ತಡಕಾಡಿ, ಹಳೆಯ ಗೀರುಗಳನ್ನೆಲ್ಲ ಹೊಸದಾಗಿ ಕಂಡುಹಿಡಿಯುತ್ತಾರೆ. ಚೀಟಿಯನ್ನು ಚಾಲಕರ ಕಡೆಯ ವೈಪರ್ ಅಡಿ ಸಿಕ್ಕಿಸಿ ಅದರ ಫೋಟೊವನ್ನೂ ತೆಗೆದುಕೊಂಡೆ.

ಚೀಟಿ ಇಟ್ಟರೆ ಕರ್ತವ್ಯ ಮುಗಿಯಿತು ಎಂದು ಎಲ್ಲ ಕಡೆಯೂ ತಿಳಿಯುವಂತಿಲ್ಲ. ಜರ್ಮನಿಯಲ್ಲಿ ದಂಡಸಂಹಿತೆಯ 142ನೆಯ ಕಲಂ ಪ್ರಕಾರ, ವಾಹನ ಅಪಘಾತದಲ್ಲಿ ಭಾಗಿಯಾದವರು ಸ್ಥಳದಲ್ಲಿ ತಕ್ಕಷ್ಟು ಹೊತ್ತು ಕಾಯಬೇಕು, ಯಾರೂ ಬಾರದಿದ್ದರೆ ತಡಮಾಡದೆ ಸಂಬಂಧಪಟ್ಟವರಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು. ವೈಪರ್ ಅಡಿಯ ಚೀಟಿಯೊಂದೇ ಸಾಲದು. ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 20002ನೆಯ ಕಲಂ ಆಸ್ತಿಗೆ ಹಾನಿಯಾದಾಗ ಹೆಸರು ಮತ್ತು ವಿಳಾಸವುಳ್ಳ ಚೀಟಿಯನ್ನು ಎದ್ದು ಕಾಣುವಂತೆ ಇಡಲು ಹೇಳುವುದರ ಜೊತೆಗೆ ಪೊಲೀಸರಿಗೆ ತಿಳಿಸಲೂ ಹೇಳುತ್ತದೆ. ನಿಯಮ ಯಾವುದೇ ಇರಲಿ, ಚೀಟಿ ಗಾಳಿಗೆ ಹಾರಬಹುದು, ಮಳೆಗೆ ಕರಗಬಹುದು. ಕಾವಲುಗಾರರಿಗೆ ಹೇಳಿ ಹೊರಟದ್ದು ಅದಕ್ಕೇ.

ಮಾಲೀಕರು ರಾತ್ರಿ ಕರೆ ಮಾಡಿದರು. ಮಾತು ಸೌಜನ್ಯದಿಂದಲೇ ಇತ್ತು. ಆದರೆ ಮರುದಿನ ಅವರು ಕಳಿಸಿದ ಅಂದಾಜು ಪಟ್ಟಿಯಲ್ಲಿ ಹಿಂಬಾಗಿಲಿನ ಜೊತೆಗೆ ಹಿಂದಿನ ಬಂಪರಿನ ಮೂಲೆಯ ಗೀರೂ ಸೇರಿತ್ತು, ಮತ್ತು ಬಾಗಿಲಿಗೆ ಪೂರ್ತಿಯಾಗಿ ಬಣ್ಣ ಹೊಡೆಯುವ ಲೆಕ್ಕವಿತ್ತು. ಬಂಪರಿನ ವಿಷಯಕ್ಕೆ ಇಡೀ ಮಗ್ಗುಲಿನ ಫೋಟೊ ಉತ್ತರ ಹೇಳಿತು: ಗೀರು ಆಗಲೇ ಅಲ್ಲಿತ್ತು, ನಮ್ಮ ಬಾಗಿಲು ಅಲ್ಲಿಗೆ ಮುಟ್ಟುವಂತೆಯೂ ಇರಲಿಲ್ಲ. ಆ ಚಿತ್ರವನ್ನು ಕಳಿಸಿ, “ಸರ್, ಬಾಗಿಲಿನದು ನನ್ನದು, ಅದರಲ್ಲಿ ಎರಡು ಮಾತಿಲ್ಲ, ಬಂಪರಿನದು ನನ್ನಿಂದ ಆದದ್ದಲ್ಲ” ಎಂದು ಮಾತ್ರ ಹೇಳಿದೆ. ಅವರು ಕೂಡಲೇ ಒಪ್ಪಿದರು. ಗ್ಯಾರೇಜಿನವರು ಕಾರಿನ ಸುತ್ತ ಒಂದು ಸುತ್ತು ಬಂದು ಕಂಡದ್ದನ್ನೆಲ್ಲ ಬರೆದುಕೊಂಡಿದ್ದರಂತೆ. ತಪ್ಪು ಒಪ್ಪಿಕೊಂಡವನು ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಹಾಗೆಂದು ಎದುರಿನವರನ್ನು ಮೋಸಗಾರರೆಂದು ಮೊದಲೇ ತೀರ್ಮಾನಿಸುವುದೂ ಬೇಡ.

ಬಣ್ಣದ ವಿಷಯದಲ್ಲಿ ನಾನು ಬೇರೊಂದು ದಾರಿಯನ್ನು ಸೂಚಿಸಿದೆ. ಬಣ್ಣ ಒಡೆಯದ ನೆಗ್ಗಾದರೆ ಬಣ್ಣ ಹೊಡೆಯದೆಯೇ ಅದನ್ನು ಎತ್ತುವ ಕೆಲಸಗಾರರಿದ್ದಾರೆ. ಆ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಪಟ್ಟೆಪಟ್ಟೆ ಬೆಳಕಿನ ಹಲಗೆಯೊಂದನ್ನು ಬಾಗಿಲಿನ ಎದುರು ನಿಲ್ಲಿಸಿ, ಕಿಟಕಿ ಗಾಜಿನ ಸಂದಿನಿಂದ ಬಾಗಿದ ಉಕ್ಕಿನ ಸರಳನ್ನು ಒಳಗಿಳಿಸಿ, ತಗಡಿನ ಹಿಂಬದಿಯಿಂದ ಒಂದೊಂದೇ ಚುಕ್ಕೆಯನ್ನು ಒತ್ತುತ್ತಾ ಹೋದರು. ಅವರ ಕಣ್ಣು ನೆಗ್ಗಿನ ಮೇಲಿರಲಿಲ್ಲ. ಪ್ರತಿಬಿಂಬದ ಗೆರೆಗಳ ಮೇಲಿತ್ತು. ಸೊಟ್ಟಗಾಗಿದ್ದ ಗೆರೆ ಒಂದೊಂದು ಒತ್ತಿಗೂ ಕೂದಲೆಳೆಯಷ್ಟು ನೆಟ್ಟಗಾಗುತ್ತಿತ್ತು. ಸ್ವಲ್ಪ ಹೆಚ್ಚು ಒತ್ತಿದರೆ ತಗಡು ಉಬ್ಬುತ್ತದೆ. ಉಬ್ಬಿದ್ದನ್ನು ಮೊಂಡು ತುದಿಯ ಸಾಧನವನ್ನಿಟ್ಟು ಮೇಲಿನಿಂದ ತಟ್ಟಿ ಇಳಿಸಬೇಕು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಅಂಟಿದ್ದ ಬಿಳಿ ಬಣ್ಣವನ್ನು ಪಾಲಿಶ್ ಹಾಕಿ ಉಜ್ಜಿ ತೆಗೆದರು. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಉಳಿಯಿತೆಂದು ಮಾಲೀಕರಿಗೂ ಸಮಾಧಾನ, ಖರ್ಚು ಇಳಿಯಿತೆಂದು ನನಗೂ ಸಮಾಧಾನ. ನೆಗ್ಗು ಬಾಗಿಲಿನ ಅಂಚಿನಲ್ಲೋ ಮೈಯ ಮಡಿಕೆಯ ಗೆರೆಯ ಮೇಲೋ ಬಿದ್ದಿದ್ದರೆ, ಅಥವಾ ತಗಡು ಅಲ್ಯೂಮಿನಿಯಮಿನದಾಗಿದ್ದರೆ, ಕೆಲಸ ಇಷ್ಟು ಸಲೀಸಾಗುತ್ತಿರಲಿಲ್ಲ. ಬಣ್ಣ ಒಡೆದು ಉಕ್ಕು ಕಾಣುತ್ತಿದ್ದರಂತೂ ತುಕ್ಕು ಹಿಡಿಯುವ ಮೊದಲೇ ಬಣ್ಣ ಹಾಕಿಸಬೇಕಾಗುತ್ತಿತ್ತು.

ವಿಮೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಷ್ಟು ಸಣ್ಣ ಕೆಲಸದಲ್ಲಿ ವಿಮೆ ಮಾಡಿಸಿದವರೇ ಭರಿಸಬೇಕಾದ ಪಾಲು ಮತ್ತು ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿಯ ನಷ್ಟ ಸೇರಿದರೆ ಕೈಯಿಂದ ಕೊಡುವುದೇ ಅಗ್ಗ. ಹಣವನ್ನು ನೇರವಾಗಿ ಕೆಲಸಗಾರರಿಗೆ ಕೊಟ್ಟು, ಬಾಗಿಲಿನ ವಿಷಯ ಇಲ್ಲಿಗೆ ಮುಗಿದಿದೆ ಎಂದು ಮಾಲೀಕರಿಂದ ಒಂದು ಸಾಲಿನ ಸಂದೇಶ ಬರೆಸಿಕೊಂಡೆ.

ಮರುವರ್ಷ ನನ್ನ ಕಾರಿಗೇ ನೆಗ್ಗು ಬಿತ್ತು. ಚೀಟಿ ಇರಲಿಲ್ಲ. ಪಕ್ಕದಲ್ಲಿ ದೊಡ್ಡದೊಂದು ಕೆಂಪು ಕಾರು ನಿಂತಿತ್ತು, ನೆಗ್ಗಿನ ನಡುವೆ ಕೆಂಪು ಚುಕ್ಕೆಯೂ ಇತ್ತು. ಅದರ ಚಾಲಕರು ಬರುವುದನ್ನೇ ಕಾಯುತ್ತಾ, ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ನಿಂತಿದ್ದೆ. ಅವರು ಬಂದ ಮೇಲೆ, ಅದೃಷ್ಟಕ್ಕೆ, ಮೊದಲು ಬಾಗಿಲು ತೆರೆದು ತೋರಿಸಲು ಕೇಳಿದೆ. ನೆಲದಿಂದ ನನ್ನ ಕಾರಿನ ನೆಗ್ಗು 58 ಸೆಂಟಿಮೀಟರ್ ಎತ್ತರದಲ್ಲಿತ್ತು; ಅವರ ಬಾಗಿಲಿನ ಅಂಚು ಅತಿ ಹೆಚ್ಚು ಹೊರಚಾಚುವ ಜಾಗ 74ರಲ್ಲಿ. ಜನ ಇಳಿದಾಗ ಕಾರು ಒಂದೆರಡು ಸೆಂಟಿಮೀಟರ್ ಮೇಲೇಳುವುದುಂಟು, ಆದ್ದರಿಂದ ಸಣ್ಣ ವ್ಯತ್ಯಾಸವಾದರೆ ಏನನ್ನೂ ಹೇಳಲಾಗದು. ಹದಿನಾರು ಸೆಂಟಿಮೀಟರಿಗೆ ಆ ವಿವರಣೆ ಸಲ್ಲುವುದಿಲ್ಲ. ಬೇರಾವುದೋ ಕೆಂಪು ಕಾರು ಮೊದಲೇ ಬಂದು ಹೋಗಿತ್ತು. ನಾಚಿಕೆಯಿಂದ ಕ್ಷಮೆ ಕೇಳಿದೆ. ಆ ನೆಗ್ಗನ್ನು ನಾನು ಇಂದಿಗೂ ಎತ್ತಿಸಿಲ್ಲ.

ಈಗ ನಿಲ್ಲಿಸುವ ಕ್ರಮವೇ ಬದಲಾಗಿದೆ. ಗೋಡೆ ಅಥವಾ ಕಂಬದ ಪಕ್ಕ ಜಾಗ ಸಿಕ್ಕರೆ, ಯಾರೂ ಇಳಿಯದ ಮಗ್ಗುಲನ್ನು ಅದಕ್ಕೆ ಒತ್ತರಿಸಿ ನಿಲ್ಲಿಸುತ್ತೇನೆ. ಅಮ್ಮನಿಗೆ ಮಂಡಿನೋವು, ಬಾಗಿಲು ಪೂರ್ತಿ ತೆರೆಯದೆ ಇಳಿಯಲಾಗದು. ಅವರನ್ನು ಪ್ರವೇಶದ್ವಾರದಲ್ಲಿಯೇ ಇಳಿಸಿ ಆಮೇಲೆ ಕಾರು ನಿಲ್ಲಿಸುತ್ತೇನೆ. ಮಗನ ಬದಿಗೆ ಚೈಲ್ಡ್ ಲಾಕ್ ಹಾಕಿದ್ದೇನೆ. ಬಾಗಿಲು ಹಂತಹಂತವಾಗಿ ತಡೆದು ನಿಲ್ಲುವುದು ಎಲ್ಲರಿಗೂ ಗೊತ್ತು. ನನ್ನ ಕಾರಿನಲ್ಲಿ ಮೊದಲ ತಡೆಗೆ ಅಂಚು 45 ಸೆಂಟಿಮೀಟರ್ ಹೊರಗಿರುತ್ತದೆ. ಆದರೆ ಇಳಿಜಾರಿನಲ್ಲಿ ಆ ತಡೆಯನ್ನು ನೆಚ್ಚಬಾರದು. ಮೂತಿ ಕೆಳಗಾಗಿ ನಿಂತ ಕಾರಿನ ಬಾಗಿಲು ತನ್ನ ಭಾರಕ್ಕೆ ತಾನೇ ತೆರೆದುಕೊಳ್ಳುತ್ತದೆ. ಗಾಳಿಯೂ ಹಾಗೆಯೇ: ಹಿಂದಿನಿಂದ ಬೀಸುವ ಗಾಳಿ ಬಾಗಿಲನ್ನು ಕೈಯಿಂದ ಕಿತ್ತುಕೊಂಡು ಪಕ್ಕಕ್ಕೆ ಬಡಿಯುತ್ತದೆ, ಎದುರುಗಾಳಿ ಅದನ್ನು ಮುಚ್ಚಲು ನೋಡುತ್ತದೆ. ಬಯಲಿನಲ್ಲಿ ಜೋರು ಗಾಳಿಯಿದ್ದರೆ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು ಅದಕ್ಕಾಗಿ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿಯನ್ನೂ ಹಾಕಿದ್ದೆ. ಅದು ಪಕ್ಕದವರ ಬಣ್ಣವನ್ನು ಉಳಿಸಬಹುದು, ಆದರೆ ಅದರ ಸಂದಿಯಲ್ಲಿ ಸೇರಿದ ಮರಳು ನನ್ನದೇ ಬಾಗಿಲಿನ ಬಣ್ಣವನ್ನು ತೇಯುತ್ತಿತ್ತು. ಈಗ ಕಾರು ತೊಳೆಯುವಾಗಲೆಲ್ಲ ಪಟ್ಟಿಯನ್ನು ಬಿಚ್ಚಿ ತೊಳೆಯುತ್ತೇನೆ.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಸಣ್ಣ ನೋಟ್‌ಬುಕ್, ಒಂದು ಪ್ಲಾಸ್ಟಿಕ್ ಲಕೋಟೆ ಮತ್ತು ಪೆನ್ಸಿಲ್ ಇವೆ. ಪೆನ್ನು ಬಿಸಿಲಿಗೆ ಒಣಗಿ ಬೇಕಾದಾಗ ಬರೆಯುವುದಿಲ್ಲ.

ಹೋದ ತಿಂಗಳು ನನ್ನ ವೈಪರ್ ಅಡಿಯಲ್ಲಿ ಒಂದು ಚೀಟಿ ಇತ್ತು: ಬಲಬದಿಯ ಮುಂಬಾಗಿಲಿಗೆ ತಾಗಿದೆ, ಕರೆ ಮಾಡಿ ಎಂದು ಹೆಸರು ಮತ್ತು ಸಂಖ್ಯೆ. ಅಲ್ಲಿದ್ದುದು ಅಂಟಿದ ಬಣ್ಣ ಮಾತ್ರ. ಒದ್ದೆ ಬಟ್ಟೆ, ಆಮೇಲೆ ಸ್ವಲ್ಪ ಪಾಲಿಶ್, ಅಷ್ಟಕ್ಕೇ ಹೋಯಿತು. ಆದರೂ ಕರೆ ಮಾಡಿದೆ. ಆ ಕಡೆಯವರು ನಮಸ್ಕಾರವನ್ನೂ ಹೇಳದೆ, “ಎಷ್ಟಾಗುತ್ತೆ ಹೇಳಿ” ಎಂದರು. ಏನೂ ಆಗಿಲ್ಲ ಎಂದು ಅವರನ್ನು ನಂಬಿಸುವುದಕ್ಕೆ ಒರೆಸಿದ ಬಾಗಿಲಿನ ಫೋಟೊ ಕಳಿಸಬೇಕಾಯಿತು.