ಗೋಡೆಯ ಹಿಂದೆ ಬೂಷ್ಟು: ಒಡೆಯುವ ಮೊದಲು ನೀರು ಹುಡುಕಿ

ಕೋಣೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಮುಗ್ಗಲು ವಾಸನೆ. ನೆಲ ಒರೆಸಿದರೂ ಹೋಗುವುದಿಲ್ಲ, ಕಿಟಕಿ ತೆರೆದಿಟ್ಟರೂ ಹೋಗುವುದಿಲ್ಲ. ಗೋಡೆ ನೋಡಿದರೆ ಚೆನ್ನಾಗಿಯೇ ಇದೆ. ಹೀಗಿದ್ದರೆ ಬೂಷ್ಟು ಗೋಡೆಯ ಈ ಕಡೆ ಇಲ್ಲ, ಆ ಕಡೆ ಇರಬಹುದು.

ನಮ್ಮ ಮಲಗುವ ಕೋಣೆಯ ಒಂದು ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದೆವು. ಎರಡು ಸಲವೂ ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದಿತು. ಕೊನೆಗೆ ಗೋಡೆಗೆ ಹೊಡೆದಿದ್ದ ಪ್ಲೈವುಡ್ ಬಿಚ್ಚಿದೆವು. ಅದರ ಬೆನ್ನಿಗೆ ಬೆಕ್ಕಿನ ಮೈಯಂತೆ ಬೂದು ತುಪ್ಪಳ ಬೆಳೆದಿತ್ತು. ಬೆರಳು ಸೋಕಿದ ಕಡೆ ಹೊಗೆಯ ಹಾಗೆ ಪುಡಿ ಎದ್ದಿತು. ಹಿಂದೆ ಬಚ್ಚಲಿಗೆ ಹೋಗುವ ಪೈಪಿನ ಎಲ್ಬೋ (ಪೈಪು ತಿರುಗುವ ಕಡೆಯ ಜೋಡಣೆ) ಕೆಳಗೆ ಒಂದು ಹನಿ ತುಂಬಿಕೊಳ್ಳುತ್ತಿತ್ತು. ನೋಡುತ್ತಾ ನಿಂತೆ. ಅದು ದಪ್ಪಗಾಗಿ, ನಡುಗಿ, ಕೆಳಗೆ ಬೀಳಲು ಒಂದು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟೇ ನೀರು. ಅಷ್ಟು ಸಾಕಾಗಿತ್ತು.

ಬೂಷ್ಟಿನ ಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಅವನ್ನು ಪೂರ್ತಿ ಓಡಿಸಲು ಯಾರಿಂದಲೂ ಆಗದು. ಅವಕ್ಕೆ ಬೇಕಾದ ಆಹಾರವೂ ಗೋಡೆಯೊಳಗೇ ಇದೆ: ಮರ, ಪ್ಲೈವುಡ್, ಜಿಪ್ಸಂ ಬೋರ್ಡಿಗೆ ಅಂಟಿಸಿದ ಕಾಗದ, ಸುಮ್ನೆ ಕೂತ ಧೂಳು. ನಮ್ಮ ಕೈಯಲ್ಲಿರುವುದು ನೀರು ಒಂದೇ. ನೆನೆದ ಜಾಗ 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ಹತ್ತುವುದಿಲ್ಲ. ಅದಕ್ಕೇ ಸುತ್ತಿಗೆ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಮೊದಲು ಪತ್ತೆ ಕೆಲಸ

ಕೋಣೆ ಕತ್ತಲು ಮಾಡಿ. ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಅಡ್ಡಡ್ಡವಾಗಿ ಬೆಳಕು ಬಿಡಿ. ಎದುರಿನಿಂದ ಕಾಣದ ಉಬ್ಬು, ಗುಳ್ಳೆ, ಅಲೆ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಅಂಗೈ ಇಟ್ಟು ನೋಡಿ. ತೇವ ಇರುವ ಜಾಗ ಅಕ್ಕಪಕ್ಕಕ್ಕಿಂತ ತಣ್ಣಗಿರುತ್ತದೆ. ನೆಲದಂಚಿನ ಪಟ್ಟಿ, ಕಪಾಟಿನ ಹಿಂಬದಿ, ಬಚ್ಚಲಿಗೆ ಅಂಟಿದ ಗೋಡೆ, ಕಿಟಕಿಯ ಕೆಳಮೂಲೆ, ಇವನ್ನು ಬಿಡಬೇಡಿ.

ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಅದು ಇಟ್ಟಿಗೆ, ಗಾರೆಯಿಂದ ಹೊರಬಂದ ಉಪ್ಪು ಇರಬಹುದು. ಸ್ವಲ್ಪ ಕೆರೆದು ನೀರಿನ ಹನಿಗೆ ಹಾಕಿ. ಉಪ್ಪಾದರೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಆದರೆ ಉಪ್ಪು ಬಂದಿದೆ ಎಂದರೂ ಗೋಡೆಯೊಳಗೆ ನೀರು ಓಡಾಡಿದೆ ಎಂದೇ ಅರ್ಥ.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ತಿಳಿಯಲು ಒಂದು ಸುಲಭದ ಉಪಾಯವಿದೆ. ಒಂದು ಅಡಿ ಫಾಯಿಲ್ ಕಾಗದ ತೆಗೆದುಕೊಳ್ಳಿ. ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಫಾಯಿಲಿನ ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತಿದೆ. ಗೋಡೆ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಒಳಗಿನಿಂದ ಬರುತ್ತಿದೆ.

ಒಳಗಿನಿಂದ ಅಂತಾದರೆ ಮುಂದಿನ ಅನುಮಾನ ಪೈಪಿನ ಮೇಲೆ. ಮನೆಯ ಎಲ್ಲ ನಲ್ಲಿ ನಿಲ್ಲಿಸಿ, ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬೇಡಿ. ಅಂಕಿ ಬದಲಾಗಿದ್ದರೆ ಮೀಟರ್ ದಾಟಿದ ಮೇಲೆ ಎಲ್ಲೋ ಸೋರುತ್ತಿದೆ. ಬದಲಾಗದಿದ್ದರೆ ಬಚ್ಚಲಿನ ಟೈಲ್ಸ್ ಸಂದಿ, ಕೊಳೆನೀರಿನ ಪೈಪು, ಹೊರಗೋಡೆಯ ಬಿರುಕು, ಮಾಡಿನ ಸೋರಿಕೆ ಒಂದೊಂದಾಗಿ ನೋಡಬೇಕು. ಸೋರಿಕೆ ನಿಲ್ಲಿಸದೆ ಮುಂದಿನ ಹೆಜ್ಜೆ ಇಡಬೇಡಿ. ಇದೊಂದು ಮಾತು ನಾನು ಎರಡು ಸಲ ಬಣ್ಣದ ಹಣ ಕಳೆದುಕೊಂಡ ಮೇಲೆ ಹೇಳುತ್ತಿದ್ದೇನೆ.

ನೀವೇ ಮಾಡಬೇಕೇ?

ಬೂಷ್ಟು ಹಿಡಿದ ಜಾಗ ಸುಮಾರು 10 ಚದರ ಅಡಿಯೊಳಗಿದ್ದರೆ, ಅಂದರೆ ಮೂರಡಿಗೆ ಮೂರಡಿ, ಮನೆಯವರೇ ಮಾಡಬಹುದು. ಅದಕ್ಕಿಂತ ದೊಡ್ಡದಾದರೆ, ಕೊಳೆನೀರು ಸೇರಿದ್ದರೆ, ಆಧಾರದ ಮರ ಕೊಳೆತಿದ್ದರೆ ಈ ಕೆಲಸ ಗೊತ್ತಿರುವವರನ್ನು ಕರೆಸಿ. ಹಳೇ ಮನೆಯಾದರೆ ಗೋಡೆಯ ಶೀಟಿನಲ್ಲಿ ಆಸ್ಬೆಸ್ಟಾಸ್ ಅಥವಾ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಪರೀಕ್ಷೆ ಮಾಡಿಸದೆ ಕೊಯ್ಯಬೇಡಿ. ಆಸ್ತಮಾ, ಅಲರ್ಜಿ, ಶ್ವಾಸಕೋಶದ ತೊಂದರೆ ಇರುವವರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಕೆಲಸ ಮುಗಿಯುವವರೆಗೆ ಅವರನ್ನೂ ಮಕ್ಕಳನ್ನೂ ಬೇರೆ ಕಡೆ ಇರಿಸಿ.

ಕಪ್ಪು ಬೂಷ್ಟು ಮಾತ್ರ ಅಪಾಯ, ಉಳಿದದ್ದು ಪರವಾಗಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬಣ್ಣ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಹಸಿರೋ ಕಪ್ಪೋ, ತೆಗೆಯುವ ರೀತಿ ಒಂದೇ.

ಗೋಡೆ ತೆರೆಯುವುದು

ಆ ಗೋಡೆಯಲ್ಲಿ ಹಾದ ವೈರಿನ ಕರೆಂಟನ್ನು ಮೇನ್‌ನಲ್ಲೇ ಆಫ್ ಮಾಡಿ. ಎನ್‌95 ಮಾಸ್ಕ್, ಉದ್ದ ಕೈಗವಸು, ಸುತ್ತ ಮುಚ್ಚಿಕೊಳ್ಳುವ ಕನ್ನಡಕ ಮೂರೂ ಬೇಕು. ಬಟ್ಟೆ ಕಟ್ಟಿಕೊಂಡರೆ ಈ ಪುಡಿ ನಿಲ್ಲುವುದಿಲ್ಲ.

ಫ್ಯಾನು, ಎಸಿ ನಿಲ್ಲಿಸಿ. ಕೋಣೆಯ ಬಾಗಿಲಿಗೂ ಎಸಿ ಕಿಂಡಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಟೇಪ್ ಮಾಡಿ, ಹೊರಗಿನ ಕಿಟಕಿ ತೆರೆದಿಡಿ. ಗೋಡೆಯೊಳಗೆ ಸುಮ್ಮನಿದ್ದ ಬೂಷ್ಟು ಒಡೆದಾಗಲೇ ಜಾಸ್ತಿ ಹಾರುವುದು. ಮೊದಲು ಸಣ್ಣ ತೂತು ಮಾಡಿ, ಟಾರ್ಚ್ ಹಾಕಿ ಒಳಗೆ ನೋಡಿ. ಎಷ್ಟು ದೂರ ಹರಡಿದೆ ಎಂದು ಗೊತ್ತಾದ ಮೇಲೆ ಜಾಗಕ್ಕೆ ಸಣ್ಣಗೆ ಸೋಪುನೀರು ಸಿಂಪಡಿಸಿ. ಪುಡಿ ಕೂರುತ್ತದೆ.

ಜಿಪ್ಸಂ ಬೋರ್ಡು, ಪ್ಲೈವುಡ್, ವಾಲ್‌ಪೇಪರ್, ಹತ್ತಿಯಂಥ ಪದರ ಇದ್ದರೆ ತೊಳೆಯುವ ಆಸೆ ಬಿಡಿ. ಕಣ್ಣಿಗೆ ಕಾಣುವ ಬೂಷ್ಟಿನಿಂದ ಒಂದರಿಂದ ಎರಡು ಅಡಿ ಆಚೆಗೆ ಕೊಯ್ದು ತೆಗೆಯಿರಿ. ತೆಗೆದದ್ದನ್ನು ಆ ಕೋಣೆಯಲ್ಲೇ ಎರಡು ಪದರದ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಮೇಲೆ ಹೊರಗೆ ಒಯ್ಯಿರಿ. ಇಟ್ಟಿಗೆ ಗೋಡೆಯಾದರೆ ಉದುರುವ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ. ಗಟ್ಟಿ ಮರ, ಇಟ್ಟಿಗೆ, ಕಾಂಕ್ರೀಟು ಉಳಿಸಿಕೊಳ್ಳಬಹುದು. ಸೋಪುನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬ್ಲೀಚ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮರದಂಥ ನೀರು ಹೀರುವ ವಸ್ತುವಿನಲ್ಲಿ ಅದು ಮೇಲಿನ ಬಣ್ಣ ತೆಗೆಯುತ್ತದೆ, ಒಳಗಿಳಿದದ್ದು ಹಾಗೇ ಉಳಿಯಬಹುದು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಹಾಗಾಗಿ ಕೊಲ್ಲುವುದಕ್ಕಿಂತ ಕಿತ್ತು ತೆಗೆಯುವುದೇ ಮುಖ್ಯ. ಟೈಲ್ಸ್‌ನಂಥ ಮೇಲ್ಮೈಗೆ ಬಳಸಿದರೂ ಅಮೋನಿಯಾ ಇರುವ ಕ್ಲೀನರ್ ಅಥವಾ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ಒಣಗಲು ಬಿಡಿ

ಎಲ್ಲರೂ ಅವಸರ ಮಾಡುವುದು ಇಲ್ಲೇ. ತೂತು ಬಿದ್ದ ಗೋಡೆ ನೋಡಲು ಯಾರಿಗೂ ಇಷ್ಟವಿಲ್ಲ, ಎರಡೇ ದಿನಕ್ಕೆ ಮುಚ್ಚಿಬಿಡೋಣ ಅನಿಸುತ್ತದೆ. ಮುಚ್ಚಬೇಡಿ. ಬೂಷ್ಟು ಪೂರ್ತಿ ತೆಗೆದಾದ ಮೇಲೆ ಫ್ಯಾನ್ ಹಾಕಿ, ಗಾಳಿಯಾಡಲು ಬಿಡಿ. ಮರ ಕೆಲವು ದಿನಕ್ಕೆ ಒಣಗಬಹುದು, ಚೆನ್ನಾಗಿ ನೆನೆದ ಇಟ್ಟಿಗೆಗೆ ವಾರಗಟ್ಟಲೆ ಬೇಕು. ತೇವ ಅಳೆಯುವ ಮೀಟರ್ ಸಿಕ್ಕರೆ ಮರಕ್ಕೆ ಚುಚ್ಚಿ ನೋಡಿ. ಶೇ 15ರ ಆಸುಪಾಸಿಗೆ ಇಳಿದ ಮೇಲೆ ಮುಚ್ಚಿ. ಮೀಟರ್ ಇಲ್ಲದಿದ್ದರೆ ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ತುಂಡು ಅಂಟಿಸಿ ಒಂದು ದಿನ ಬಿಡಿ. ಹಿಂಬದಿಯಲ್ಲಿ ಮಂಜು ಹಿಡಿದರೆ ಇನ್ನೂ ಕಾಯಬೇಕು. ಬೂಷ್ಟು ನಿರೋಧಕ ಬಣ್ಣ ಎಷ್ಟೇ ಒಳ್ಳೆಯದಿರಲಿ, ಹಸಿ ಗೋಡೆಗೆ ಹೊಡೆದರೆ ಸುಲಿದು ಬರುತ್ತದೆ.

ಕೋಣೆಯ ಗಾಳಿಯ ತೇವ ಶೇ 60 ದಾಟದಂತೆ ನೋಡಿಕೊಳ್ಳಿ, 30ರಿಂದ 50ರ ನಡುವೆ ಇದ್ದರೆ ಇನ್ನೂ ಒಳ್ಳೆಯದು. ಇದನ್ನು ತೋರಿಸುವ ಸಣ್ಣ ಮೀಟರನ್ನು ಗೋಡೆಗೆ ತೂಗುಹಾಕಬಹುದು. ಸ್ನಾನವಾದ ಮೇಲೆ ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಕಪಾಟನ್ನು ಗೋಡೆಗೆ ತಾಗಿಸದೆ ಎರಡು ಮೂರು ಇಂಚು ಬಿಟ್ಟು ಇಡಿ.

ನಾವು ಆ ಎಲ್ಬೋ ಇದ್ದ ಜಾಗವನ್ನು ಪೂರ್ತಿ ಮುಚ್ಚಿಸಲಿಲ್ಲ. ಬಿಚ್ಚಿ ಹಾಕಬಹುದಾದ ಅಂಗೈಯಗಲದ ಮುಚ್ಚಳ ಕೂರಿಸಿದೆವು. ತಿಂಗಳಿಗೊಮ್ಮೆ ಎರಡು ಸ್ಕ್ರೂ ತೆಗೆದು, ಒಣ ಟಿಶ್ಯೂ ಕಾಗದವನ್ನು ಪೈಪಿನ ಕೆಳಗೆ ಒತ್ತಿ ಹಿಡಿಯುತ್ತೇನೆ. ಕಾಗದ ಒಣಗಿಯೇ ಬಂದರೆ ಮುಚ್ಚಳ ಹಾಕಿ ಏಳುತ್ತೇನೆ.