ಕೆನಡಾದ ಮೂಲನಿವಾಸಿ ಸಾಹಿತ್ಯ: ಶಿಕ್ಷಕರ ತರಬೇತಿಯನ್ನು ರೂಪಿಸುವ ಬಗೆ

ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಸರ್ಕಾರಗಳ ಮುಂದಿಟ್ಟ 94 ಕ್ರಿಯಾ ಕರೆಗಳ ಪೈಕಿ 62ನೆಯದು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಇರಿಸುತ್ತಿದ್ದ ವಸತಿ ಶಾಲೆಗಳ ಚರಿತ್ರೆಯನ್ನೂ ಮೂಲನಿವಾಸಿಗಳೊಡನೆ ಆದ ಒಪ್ಪಂದಗಳನ್ನೂ ಅವರ ಕೊಡುಗೆಗಳನ್ನೂ ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದೂ ಅದಕ್ಕೆ ಶಿಕ್ಷಕರನ್ನು ಸಜ್ಜುಗೊಳಿಸಬೇಕೆಂದೂ ಹೇಳುತ್ತದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023–24ರಿಂದ ಪ್ರೌಢಶಿಕ್ಷಣ ಮುಗಿಸುವ ಪ್ರತಿ ವಿದ್ಯಾರ್ಥಿಯೂ ಮೂಲನಿವಾಸಿ ವಿಷಯಗಳಲ್ಲಿ 4 ಕ್ರೆಡಿಟ್ ಗಳಿಸಬೇಕು. ಟೊರಾಂಟೊ ಜಿಲ್ಲಾ ಶಾಲಾ ಮಂಡಳಿಯು 11ನೇ ತರಗತಿಯ ಕಡ್ಡಾಯ ಇಂಗ್ಲಿಷ್ ಪಾಠಕ್ಕೆ ಮೂಲನಿವಾಸಿ ಲೇಖಕರ ಕೃತಿಗಳನ್ನೇ ಆಧಾರವಾಗಿಸಲು 2023ರಲ್ಲಿ ತೀರ್ಮಾನಿಸಿತು. ವರ್ಷಾನುಗಟ್ಟಲೆ ಷೇಕ್ಸ್‌ಪಿಯರನನ್ನು ಪಾಠ ಮಾಡಿದವರು ಈಗ ತಾವು ಓದಿಯೇ ಇಲ್ಲದ ಸಾಹಿತ್ಯವನ್ನು ಕಲಿಸಬೇಕಾಗಿದೆ. ಅಂಥವರಿಗೆ ತರಬೇತಿ ಏರ್ಪಡಿಸುವ ಹೊಣೆ ಹೊತ್ತವರಿಗಾಗಿ, ಅವರಲ್ಲಿ ಕನ್ನಡಿಗರೂ ಇರಬಹುದು, ಈ ಬರಹ.

ಒಂದು ದಿನದ ಕಾರ್ಯಾಗಾರದ ಆಸೆಯನ್ನು ಮೊದಲಿಗೇ ಬಿಡಬೇಕು. ಎಂಟು ಹತ್ತು ಮಂದಿಯ ಗುಂಪು ಕಟ್ಟಿ, ಶಾಲಾ ವರ್ಷದುದ್ದಕ್ಕೂ ಮೂರು ನಾಲ್ಕು ಕೃತಿಗಳನ್ನು ಬಿಡುವು ಕೊಟ್ಟು ಓದಿಸುವುದೇ ಸರಿಯಾದ ಕ್ರಮ. ಮೊದಲ ಸಭೆಗೆ ಬರುವಷ್ಟರಲ್ಲಿ ಎಲ್ಲರೂ ಆಲ್ಬರ್ಟಾ ವಿಶ್ವವಿದ್ಯಾಲಯದ 12 ಪಾಠಗಳ ‘ಇಂಡಿಜಿನಸ್ ಕೆನಡಾ’ ಆನ್‌ಲೈನ್ ಕೋರ್ಸನ್ನು ಮುಗಿಸಿರಲಿ. ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಮನೆಮಾತು, ಮನೆತನಗಳಿಂದ ಬೇರ್ಪಡಿಸಿದ ವಸತಿ ಶಾಲೆಗಳು 1990ರ ದಶಕದವರೆಗೂ ನಡೆದವೆಂಬ ಸಂಗತಿಯನ್ನೇ ಸಭೆಯಲ್ಲಿ ಹೊಸದಾಗಿ ಕೇಳುವಂತಾದರೆ, ಸಾಹಿತ್ಯದ ಮಾತಿಗೆ ಹೊತ್ತೇ ಉಳಿಯುವುದಿಲ್ಲ.

ಕೃತಿಗಳನ್ನು ಆರಿಸುವಾಗ ಲೇಖಕರು ಯಾವ ಜನಾಂಗಕ್ಕೆ ಸೇರಿದವರು, ಆ ಜನಾಂಗದವರು ಅವರನ್ನು ತಮ್ಮವರೆಂದು ಒಪ್ಪುತ್ತಾರೆಯೇ ಎಂಬುದನ್ನು ವಿಚಾರಿಸುವುದು ಅಗತ್ಯ. ಹೆಸರಾಂತ ಕೆಲವು ಲೇಖಕರ ವಂಶದ ಹೇಳಿಕೆಗಳೇ ಪ್ರಶ್ನೆಗೊಳಗಾಗಿವೆ. ಕ್ರೀ, ಅನಿಶಿನಾಬೆ, ಮೇಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಜನಾಂಗ), ಇನುಯಿಟ್ ಎಂದು ಜನಾಂಗದ ಹೆಸರನ್ನೇ ಬಳಸುವ ರೂಢಿ ಮಾಡಿಕೊಳ್ಳಬೇಕು. ಪಟ್ಟಿಯಲ್ಲಿ ವಸತಿ ಶಾಲೆಯ ನೋವಿನ ಕಥನಗಳೇ ತುಂಬಿದ್ದರೆ ಅದು ಕೆಟ್ಟ ಪಟ್ಟಿ. ಹಾಸ್ಯ, ಪ್ರೇಮ, ವಿಜ್ಞಾನ ಕಥೆ, ಕಾವ್ಯ ಎಲ್ಲವನ್ನೂ ಮೂಲನಿವಾಸಿ ಲೇಖಕರು ಬರೆದಿದ್ದಾರೆ. ಅವನ್ನು ಬದಿಗಿಟ್ಟರೆ ವಿದ್ಯಾರ್ಥಿಗಳಿಗೆ ಈ ಜನ ಕೇವಲ ಸಂತ್ರಸ್ತರಾಗಿ ಕಾಣುತ್ತಾರೆ.

ಒಂದು ಸಭೆಯನ್ನಾದರೂ ಮೇಟಿ ಲೇಖಕಿ ಮರಿಯಾ ಕ್ಯಾಂಪ್‌ಬೆಲ್ ಅವರ ಆತ್ಮಕಥೆ ‘ಹಾಫ್‌ಬ್ರೀಡ್’ಗೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. 1973ರಲ್ಲಿ ಅದು ಅಚ್ಚಾದಾಗ, ಹದಿನಾಲ್ಕರ ವಯಸ್ಸಿನಲ್ಲಿ ತಮ್ಮ ಮೇಲೆ ಆರ್‌ಸಿಎಂಪಿ (ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆ) ಪೊಲೀಸನೊಬ್ಬ ನಡೆಸಿದ ಅತ್ಯಾಚಾರವನ್ನು ಅವರು ಬರೆದಿದ್ದ ಭಾಗವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಹಾಕಲಾಗಿತ್ತು. ಆ ಪುಟಗಳು ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕಡತಗಳಲ್ಲಿ ಸಂಶೋಧಕರಿಗೆ ಸಿಕ್ಕ ಬಳಿಕ, 2019ರ ಆವೃತ್ತಿಯಲ್ಲಿ ಮರಳಿ ಸೇರಿದವು. ಹಳೆಯ ಆವೃತ್ತಿಯ ಅಧ್ಯಾಯವನ್ನು ಮೊದಲು, ಹೊಸದನ್ನು ಅನಂತರ ಓದಿಸಿ, ಮುಂದಿನ ಅಧ್ಯಾಯಗಳಲ್ಲಿ ಅವರ ಮೌನ, ಸಿಟ್ಟು, ಅಪನಂಬಿಕೆಗಳು ಈಗ ಹೇಗೆ ಬೇರೆಯಾಗಿ ಅರ್ಥವಾಗುತ್ತವೆ ಎಂದು ಕೇಳಿ. ಯಾರಿಗೆ ಮಾತಾಡಲು ಬಿಡಲಾಗುತ್ತದೆ, ಯಾರು ಅದನ್ನು ನಿರ್ಧರಿಸುತ್ತಾರೆ ಎಂಬುದು ಉಪನ್ಯಾಸದ ಹಂಗಿಲ್ಲದೆ ಪುಟದ ಮೇಲೆಯೇ ಕಾಣಿಸುತ್ತದೆ. ಈ ಭಾಗದ ಬಗ್ಗೆ ಎಲ್ಲರಿಗೂ ಮುಂಚಿತವಾಗಿ ತಿಳಿಸಿರಬೇಕು. ಅದನ್ನು ಗಟ್ಟಿಯಾಗಿ ಓದಿಸಬಾರದು. ಎದ್ದು ಹೋಗುವವರನ್ನು ಕಾರಣ ಕೇಳಬಾರದು.

ಒಂದು ಸಭೆಯಲ್ಲಿ ಕಥೆ ಹೇಳಲು ಮೂಲನಿವಾಸಿ ಹಿರಿಯರನ್ನು ಆಹ್ವಾನಿಸುವ ಮುನ್ನ ಆ ಪ್ರದೇಶದ ಮೂಲನಿವಾಸಿ ಸಮುದಾಯದ ಶಿಕ್ಷಣ ವಿಭಾಗವನ್ನು ಸಂಪರ್ಕಿಸಿ, ರೀತಿ ರಿವಾಜುಗಳನ್ನು ಕೇಳಿ ತಿಳಿಯಬೇಕು. ಕ್ರೀ, ಅನಿಶಿನಾಬೆ ಸಮುದಾಯಗಳಲ್ಲಿ ಕೋರಿಕೆಯೊಡನೆ ತಂಬಾಕನ್ನು ಅರ್ಪಿಸುವ ಪದ್ಧತಿ ಉಂಟು, ಆದರೆ ಅದು ಎಲ್ಲ ಜನಾಂಗಗಳಿಗೂ ಅನ್ವಯಿಸುವುದಿಲ್ಲ. ಗೌರವಧನವನ್ನು ಅಂದೇ ಕೈಗಿಡಿ, ತಿಂಗಳುಗಟ್ಟಲೆ ಬಿಲ್ಲಿನ ಹಿಂದೆ ಅಲೆಸಬೇಡಿ. ಕೆಲವು ಕಥೆಗಳನ್ನು ಹಿಮ ಬಿದ್ದಿರುವ ಕಾಲದಲ್ಲಷ್ಟೇ ಹೇಳುವುದರಿಂದ ಇಂಥ ಸಭೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು, ಧ್ವನಿಮುದ್ರಣಕ್ಕೆ ಅನುಮತಿ ಬೇಕೇಬೇಕು. ನೀಲಗಾರರ ಬಾಯಲ್ಲಿ ಮಂಟೇಸ್ವಾಮಿಯ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ, ಕಥೆಯೊಂದಕ್ಕೆ ಹೇಳುವ ಹಕ್ಕುಳ್ಳವರೂ ಹೇಳುವ ಸಂದರ್ಭವೂ ಇರುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

“ನಾವು ನಿನ್ನೆ ಮೊನ್ನೆ ಬಂದವರು, ಇದಕ್ಕೂ ನಮಗೂ ಏನು ಸಂಬಂಧ?” ಎಂಬ ಮಾತು ವಲಸಿಗ ಶಿಕ್ಷಕರಿಂದ ಬಂದೇ ಬರುತ್ತದೆ. ಅದನ್ನು ಗದರಿ ಮುಚ್ಚಿಸದೆ, ಟೊರಾಂಟೊ ಪಕ್ಕದ ಮಿಸ್ಸಿಸಾಗ ನಗರವು ಕ್ರೆಡಿಟ್ ನದಿಯ ಮಿಸ್ಸಿಸಾಗ ಎಂಬ ಮೂಲನಿವಾಸಿ ಜನರ ಹೆಸರನ್ನೇ ಹೊತ್ತಿದೆ, ಅಲ್ಲಿನ ಮನೆಗಳು ಅವರೊಡನೆ ಆದ ಒಪ್ಪಂದಗಳ ನೆಲದ ಮೇಲಿವೆ ಎಂಬುದನ್ನು ನಕಾಶೆ ಹರಡಿ ತೋರಿಸುವುದು ಸಾಕು. ಗುಂಪಿನಲ್ಲಿ ಮೂಲನಿವಾಸಿ ಶಿಕ್ಷಕರಿದ್ದರೆ ಪ್ರತಿ ಪ್ರಶ್ನೆಗೂ ಅವರ ಮುಖ ನೋಡುವುದನ್ನು ಸಭೆ ನಡೆಸುವವರೇ ತಡೆಯಬೇಕು.

ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳಿಂದ ಏನೂ ತಿಳಿಯದು. ಪ್ರತಿಯೊಬ್ಬರೂ ಒಂದು ಕೃತಿಗೆ ಪಾಠಯೋಜನೆ ಬರೆದು ತರಲಿ. ಅದು ವಸತಿ ಶಾಲೆಗಳ ಮಕ್ಕಳನ್ನು ನೆನೆಯುವ ಸೆಪ್ಟೆಂಬರ್ 30ರ ಸ್ಮರಣೆಯ ದಿನಕ್ಕೋ ಮೂಲನಿವಾಸಿ ಚರಿತ್ರೆಯ ತಿಂಗಳೆನಿಸಿದ ಜೂನ್‌ಗೋ ಮೀಸಲಾಗದೆ ವರ್ಷದ ಮಧ್ಯದ ಪಾಠವಾಗಿರಲಿ. ಶಾಲೆಯ ಪುಸ್ತಕ ಖರೀದಿ ಪಟ್ಟಿ ಅಂತಿಮವಾಗುವ ಮೊದಲೇ ಈ ಕೊನೆಯ ಸಭೆಯನ್ನು ನಡೆಸಿದರೆ, ಬೇಕಾದ ಪ್ರತಿಗಳು ಮುಂದಿನ ವರ್ಷದ ತರಗತಿಗೆ ಹೊತ್ತಿಗೆ ಸರಿಯಾಗಿ ಬಂದಿರುತ್ತವೆ.