ಶೃಂಗೇರಿಗೆ ಒಂದು ದಿನ: ಯಾವುದು ಮೊದಲು, ಯಾವುದು ಆಮೇಲೆ

ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಜಯಪುರದ ಮೇಲೆ ಶೃಂಗೇರಿಗೆ ಸುಮಾರು 85–90 ಕಿ.ಮೀ. ತಿರುವು ಜಾಸ್ತಿ, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ 6ಕ್ಕೆ ಬಿಡುವುದು ಒಳ್ಳೆಯದು. ಹೊಟ್ಟೆ ಬಿರಿಯ ತಿಂದು ಹತ್ತಿದರೆ ದಾರಿಯಲ್ಲಿ ವಾಂತಿ ಗ್ಯಾರಂಟಿ, ತಿಂಡಿ ಹಗುರವಾಗಿರಲಿ.

ಎಲ್ಲರೂ ನೇರ ಶಾರದಾಂಬೆಯ ಸಾಲಿಗೆ ಓಡುತ್ತಾರೆ. ಅಮ್ಮನವರಿಗೆ ಕೈಮುಗಿದು, ಬಿಸಿಲೇರುವ ಮುಂಚೆಯೇ ವಿದ್ಯಾಶಂಕರ ದೇವಾಲಯಕ್ಕೆ ಬನ್ನಿ. ಬರಿಗಾಲಲ್ಲಿ ಸುತ್ತಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ. 14ನೇ ಶತಮಾನದ ಗುಡಿ ಇದು, ಎರಡು ತುದಿಯೂ ದುಂಡಗೆ. ಹೊರಗೋಡೆಗೇ ಅರ್ಧ ಗಂಟೆ ಬೇಕು. ಒಳಗೆ ಪೂರ್ವದ ಮಂಟಪದಲ್ಲಿ 12 ಕಂಬ, ಒಂದೊಂದಕ್ಕೆ ಒಂದು ರಾಶಿ. ಆಯಾ ಸೌರಮಾಸದಲ್ಲಿ ಬೆಳಗಿನ ಬಿಸಿಲು ಆಯಾ ಕಂಬದ ಮೇಲೆ ಬೀಳುತ್ತದೆಂಬ ಮಾತಿದೆ. ನಿಮ್ಮ ರಾಶಿ ಹುಡುಕುವ ಭರದಲ್ಲಿ ನೆಲ ನೋಡುವುದು ಮರೆಯಬೇಡಿ: ನೆರಳಿನ ದಿಕ್ಕು ತಿಳಿಯಲು ಗೆರೆ ಕೊರೆದ ವೃತ್ತವಿದೆ. ಕಂಬದ ಯಾಳಿಯ (ಸಿಂಹದಂಥ ಕಲ್ಪನೆಯ ಮೃಗ) ಬಾಯೊಳಗೆ ಉರುಳುವ ಕಲ್ಲುಗುಂಡೂ ಇದೆ.

ಮಧ್ಯಾಹ್ನ 2ರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ. ತಡವಾಗಿ ಹೊರಟವರು ಎಡವುವುದು ಇಲ್ಲೇ. ಮಠದ ಊಟ ಮಧ್ಯಾಹ್ನದ ಪ್ರಸಾದ. ಮೊದಲ ಪಂಕ್ತಿಗೇ ಕೂತರೆ ಹೊಳೆಗೆ ಸಮಯ ಸಿಗುತ್ತದೆ.

ತುಂಗೆಯ ಮೆಟ್ಟಿಲ ಬಳಿ ದೇವರ ಮೀನುಗಳ ಹಿಂಡೇ ಇದೆ. ಮಂಡಕ್ಕಿ ಹಾಕಿ, ಕವರ್ ಮಾತ್ರ ನೀರಿಗೆ ಬಿಡಬೇಡಿ. ಹಾವು ಹೆಡೆ ಬಿಚ್ಚಿ ಕಪ್ಪೆಗೆ ನೆರಳು ಕೊಟ್ಟಿತೆಂಬ ಕಥೆಯ ಶಿಲ್ಪ, ಕಪ್ಪೆ ಶಂಕರವೂ ಈ ದಡದಲ್ಲೇ. ಜುಲೈ–ಆಗಸ್ಟಿನ ನೆರೆಯಲ್ಲಿ ಅದೇ ಮುಳುಗುತ್ತದೆ, ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ಆ ದಿನಗಳಲ್ಲಿ ಹೊಳೆಯನ್ನು ಮೇಲಿನಿಂದಲೇ ನೋಡಿ. ಸೇತುವೆ ದಾಟಿದರೆ ಮಠದ ಗುರುಗಳಿರುವ ನರಸಿಂಹವನ. ಗುರುಗಳ ದರ್ಶನದ ವೇಳೆ ಮೊದಲೇ ವಿಚಾರಿಸಿ, ಗಂಡಸರು ಪಂಚೆ, ಶಲ್ಯ ತಂದಿರಲಿ.

ನವರಾತ್ರಿಯಲ್ಲಿ, ಅದರಲ್ಲೂ ಮಕ್ಕಳ ಅಕ್ಷರಾಭ್ಯಾಸದ ವಿಜಯದಶಮಿಯಂದು, ಈ ಲೆಕ್ಕ ಯಾವುದೂ ನಡೆಯದು.

3ಕ್ಕೆ ಮುಂಚೆ ಬಿಡುವಾದರೆ ಸುಮಾರು 10 ಕಿ.ಮೀ. ದೂರದ, ಋಷ್ಯಶೃಂಗರ ಗುಡಿಯಿರುವ ಕಿಗ್ಗ, ಅಲ್ಲಿಂದ ಮುಂದೆ ಸಿರಿಮನೆ ಜಲಪಾತ ಸೇರಿಸಿ. ಆಮೇಲಾದರೆ ಎರಡನ್ನೂ ಬಿಟ್ಟು ಊರ ದಾರಿ ಹಿಡಿಯಿರಿ. ಮಂಜು ಕವಿದ ಮೇಲೆ ಆಲ್ದೂರಿನ ತಿರುವುಗಳಲ್ಲಿ ಎದುರಿನ ಲೈಟು ಕಾಣುವುದು ತೀರಾ ಹತ್ತಿರ ಬಂದಾಗಲೇ.